ಅಳಿವೆಯ ಬಾಗಿಲಲ್ಲಿ ಐದು ದಿನ

ಈ ಸ್ಮರಣಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯವರಿಂದ ಒಂದು ಲೇಖನವು ಬರಲೇಬೇಕೆಂದು ಸಮಿತಿಯವರು ಎರಡು ಸಲ ಚೀಟಿ ಕಳುಹಿಸಿದರು. ಪರೀಕ್ಷೆಯ ಫಲಿತಾಂಶಗಳು, ಹೊಸ ಕೊಠಡಿಯ ಖರ್ಚುವೆಚ್ಚ, ಹೊಲಿಗೆಯ ವರ್ಗದ ಅಭಿವೃದ್ಧಿ ಮುಂತಾದ ಸಂಗತಿಗಳು ವಾರ್ಷಿಕ ವರದಿಯಲ್ಲಿ ಹೇಗೂ ಅಚ್ಚಾಗಿರುವುವು. ಅವನ್ನೇ ಪುನಃ ಇಲ್ಲಿ ಹೇಳಿದರೆ ವಾಚಕರಿಗೂ ಬೇಸರ, ನಮಗೂ ಬೇಸರ. ಆದಕಾರಣ ೨೦೧೯ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ನಾವು ಕೈಕೊಳ್ಳಬೇಕೆಂದು ಗಂಟುಮೂಟೆ ಕಟ್ಟಿ ಹೋಗಿ, ಕೈಕೊಳ್ಳದೆ ಹಿಂದಿರುಗಿದ ಒಂದು ಕಿರಿಯ ಸಮುದ್ರಯಾನದ ವೃತ್ತಾಂತವನ್ನು ಬರೆಯುತ್ತೇವೆ. ಇದರಲ್ಲಿ ನಮಗೆ ಗೌರವವನ್ನು ತರುವಂಥಾದ್ದು ಹೆಚ್ಚೇನೂ ಇಲ್ಲವೆಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು.

ಆಗ ನಮ್ಮ ಶಾಲೆಯಲ್ಲಿ ಗಣಿತವನ್ನು ಕಲಿಸುತ್ತಿದ್ದ ಹಿರಿಯ ಉಪಾಧ್ಯಾಯಿನಿಯವರನ್ನು ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಉಪಾಧ್ಯಾಯಿನಿಯರಾದ ನಾವೆಲ್ಲರೂ ಅವರನ್ನು ದೊಡ್ಡಕ್ಕನೆಂದೇ ಕರೆಯುತ್ತಿದ್ದೆವು. ಅಕ್ಟೋಬರ್ ೩೧ರಂದು ಅವರು ಕೆಲಸದಿಂದ ನಿವೃತ್ತರಾಗುವುದಾಗಿತ್ತು. ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದಾಗ, ಸೀರೆ ಬೇಡ, ಹಣ್ಣಿನ ತಟ್ಟೆ ಬೇಡ, ಬೆಳ್ಳಿಯ ದೀಪವಂತೂ ಬೇಡವೇ ಬೇಡ ಎಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ವರ್ಷ ಮಹಡಿಯ ಕಿಟಕಿಯಿಂದ ಕಡಲನ್ನು ನೋಡಿದ್ದಾಯಿತು. ಒಂದು ಸಲ ಹಾಯಿದೋಣಿಯಲ್ಲಿ ಕುಳಿತು ಕಡಲಿನಿಂದ ನೆಲವನ್ನು ನೋಡಬೇಕು" ಎಂದರು. ಮೂವತ್ತಾರು ವರ್ಷಗಳಲ್ಲಿ ಅವರು ತಮಗಾಗಿ ಕೇಳಿದ ವಸ್ತು ಇದೊಂದೇ ಎಂದು ತೋರುತ್ತದೆ. ಆಗಲೇ ನಾವು ಮಾತು ಕೊಟ್ಟುಬಿಟ್ಟೆವು.

ಮಾತು ಕೊಡುವುದು ಸುಲಭ, ಹಾಯಿದೋಣಿ ದೊರೆಯುವುದು ಸುಲಭವಲ್ಲ. ಮಂಗಳೂರಿನ ಹೆಂಚನ್ನು ತುಂಬಿಕೊಂಡು ಮುಂಬಯಿಯ ಕಡೆಗೆ ಹಾಯಿಯ ಬಲದಿಂದಲೇ ಹೋಗುತ್ತಿದ್ದ ಮಂಜಿಗಳ ಕಾಲವು ಮುಗಿದುಹೋಯಿತು. ಈಗ ಮಲ್ಪೆಯ ಬಂದರಿನಲ್ಲಿ ನೂರಾರು ದೋಣಿಗಳನ್ನು ಕಾಣಬಹುದು, ಎಲ್ಲವೂ ಯಂತ್ರದವು. ನಮ್ಮೊಡನೆ ವಿಜ್ಞಾನವನ್ನು ಕಲಿಸುವ ಉಪಾಧ್ಯಾಯಿನಿಯೊಬ್ಬರ ತವರುಮನೆಯು ಪಡುಕೆರೆಯಲ್ಲಿದೆ. ಅವರ ದೊಡ್ಡಪ್ಪನವರು ಹುಡುಗತನದಲ್ಲಿ ಮಂಜಿಯ ಕೆಲಸಕ್ಕೆ ಸೇರಿ, ತಂಡೇಲರಾಗಿ, ಮುಪ್ಪಿನಲ್ಲಿ ಮನೆಗೆ ಬಂದು, ಹಾಯಿಯ ಮೋಹವನ್ನು ಬಿಡಲಾರದೆ ಇಪ್ಪತ್ತೆರಡು ಅಡಿಯ ಒಂದು ಮರದ ದೋಣಿಯನ್ನು ಇಟ್ಟುಕೊಂಡಿದ್ದರು. ಒಂದು ಕೂವೆಮರ, ಒಂದು ಹಾಯಿ, ಎರಡು ಹುಟ್ಟು, ಮತ್ತು ಮಗನ ಬಲವಂತಕ್ಕೆ ಹಿಂಭಾಗದಲ್ಲಿ ತೂಗುಹಾಕಿದ ಒಂದು ಚಿಕ್ಕ ಯಂತ್ರ. ಆ ಯಂತ್ರದ ಮೇಲೆ ಅವರು ಗೋಣಿಯನ್ನು ಮುಚ್ಚಿಟ್ಟಿದ್ದರು. ಮಳೆಯಿಂದ ಕಾಪಾಡುವುದಕ್ಕಲ್ಲ, ಕಣ್ಣಿಗೆ ಬೀಳದಿರಲೆಂದು.

ಅವರು ಹಾಕಿಕೊಟ್ಟ ಕಾರ್ಯಕ್ರಮವು ಬಹಳ ಸೊಗಸಾಗಿತ್ತು. ಮಳೆಗಾಲವು ಮುಗಿದ ಬಳಿಕ ನಮ್ಮ ಕರಾವಳಿಯಲ್ಲಿ ಗಾಳಿಯು ಗಡಿಯಾರದಂತೆ ನಡೆಯುತ್ತದೆ. ರಾತ್ರಿ ನೆಲವು ಬೇಗನೆ ತಣಿಯುವುದರಿಂದ ಬೆಳಗಿನ ಜಾವದಲ್ಲಿ ಮೂಡುಗಾಳಿಯು ನೆಲದಿಂದ ಕಡಲಿಗೆ ಬೀಸುವುದು. ಬಿಸಿಲೇರಿ ನೆಲವು ಕಾಯ್ದ ಮೇಲೆ ಪಡುಗಾಳಿಯು ಕಡಲಿನಿಂದ ನೆಲಕ್ಕೆ ಬೀಸುವುದು. ಬೆಳಿಗ್ಗೆ ಆ ಗಾಳಿಯಲ್ಲಿ ಅಳಿವೆಯನ್ನು ದಾಟಿ ಸೇಂಟ್ ಮೇರಿಸ್ ದ್ವೀಪಗಳ ಹೊರಬದಿಯನ್ನು ಸುತ್ತಿ, ಬುತ್ತಿಯನ್ನು ಉಂಡು, ಮಧ್ಯಾಹ್ನ ಈ ಗಾಳಿಯಲ್ಲಿ ಮರಳುವುದು. ಮರುದಿನ ದಡದ ಉದ್ದಕ್ಕೂ ತೆಂಕಲಿಗೆ ನಡೆದು, ೧೯೦೧ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವನ್ನು ಕಡಲಿನ ಕಡೆಯಿಂದ ನೋಡಿ ಬರುವುದು. ಭೂಗೋಳವನ್ನು ಕಲಿಸುವ ನಮಗೆ ಆ ದ್ವೀಪಗಳ ಮೇಲೆ ಬೇರೆ ಆಸೆಯಿತ್ತು. ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಕೆಳಗೆ, ಮಡಗಾಸ್ಕರವು ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ, ಉಕ್ಕಿಬಂದ ಶಿಲಾರಸವು ತಣಿದು ಆರು ಮೂಲೆಯ ಕಂಬಗಳಾಗಿ ನಿಂತಿರುವುದು ಅಲ್ಲಿಯೇ. ಪುಸ್ತಕದಲ್ಲಿ ಚಿತ್ರವನ್ನು ತೋರಿಸಿ ತೋರಿಸಿ ಆ ಹಾಳೆಯ ಅಂಚು ಹರಿದಿದ್ದಿತು. ದೀಪಾವಳಿಯ ರಜೆಯಲ್ಲಿ ೨೬ನೆಯ ಶನಿವಾರ ಹೊರಡುವುದೆಂದು ನಿಶ್ಚಯಿಸಿದೆವು. ದೊಡ್ಡಕ್ಕ, ವಿಜ್ಞಾನದ ಉಪಾಧ್ಯಾಯಿನಿ, ಹೊಲಿಗೆಯ ಉಪಾಧ್ಯಾಯಿನಿ, ನಾವು, ಹೀಗೆ ನಾಲ್ವರು.

ಆ ವರ್ಷ ಮುಂಗಾರು ಮಳೆಗೆ ಹೋಗಲು ಮನಸ್ಸಿರಲಿಲ್ಲ. ಅಕ್ಟೋಬರ್ ೯ಕ್ಕೆ ಅದು ದೇಶದಿಂದ ಹಿಂದಿರುಗಲು ಪ್ರಾರಂಭಿಸಿತು. ಲೆಕ್ಕವಿಡಲು ತೊಡಗಿದಂದಿನಿಂದ ಅಷ್ಟು ತಡವಾಗಿ ಹಿಂದಿರುಗಿದ್ದಿಲ್ಲ. ಕಡಲಿನ ನೀರು ಪಡುವಣ ಭಾಗದಲ್ಲಿ ಹೆಚ್ಚು ಬೆಚ್ಚಗಿರುವುದೆಂದು ವಿಜ್ಞಾನದವರು ಊಟದ ಹೊತ್ತಿನಲ್ಲಿ ಹೇಳಿದರು. ನಾವು ಬುತ್ತಿಗೆ ಏನೇನು ಮಾಡಿಸಬೇಕೆಂಬ ವಿಚಾರದಲ್ಲಿದ್ದುದರಿಂದ ಅದಕ್ಕೆ ಕಿವಿಗೊಡಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯವನ್ನು ಹೇಳಬೇಕಾಗಿದೆ. ೨೪ನೆಯ ಗುರುವಾರ ಬೆಳಿಗ್ಗೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯು ಮುಕ್ಕಾಲು ಗಂಟೆ ತಡವಾಗಿ, ಪೂರಾ ನೆನೆದು, ಕೊಡೆಯಿಲ್ಲದೆ ಬಂದಳು. ಆ ತಿಂಗಳಲ್ಲಿ ಅದು ಅವಳ ಮೂರನೆಯ ತಡ. ಕಾರಣವೇನೆಂದು ನಾವು ಕೇಳಲಿಲ್ಲ. ಆಫೀಸಿನ ಬಾಗಿಲಿನ ಹೊರಗೆ ಜಗಲಿಯಲ್ಲಿ ಒಂದು ಪಿರಿಯಡ್ ನಿಲ್ಲಿಸಿದೆವು. ಅವಳು ಗೋಡೆಯ ಕಡೆಗೆ ತಿರುಗದೆ ಅಂಗಳದ ಕಡೆಗೆ ಮುಖಮಾಡಿ ನಿಂತಿದ್ದಳು. ಅದನ್ನೂ ನಾವು ಉದ್ಧಟತನವೆಂದೇ ತಿಳಿದೆವು. ನಿಯಮವು ಎಲ್ಲರಿಗೂ ಒಂದೇ ಎಂದು ನಾವು ತರಬೇತಿಯ ಶಾಲೆಯಲ್ಲಿ ಕಲಿತಿದ್ದೆವು.

ಶುಕ್ರವಾರ ಸಾಯಂಕಾಲ ಸೇತುವೆಯನ್ನು ದಾಟಿ ಪಡುಕೆರೆಯನ್ನು ಸೇರಿದೆವು. ಪಡುಕೆರೆಯೆಂದರೆ ಒಂದು ಕಡೆಗೆ ಉದ್ಯಾವರದ ಹೊಳೆ, ಇನ್ನೊಂದು ಕಡೆಗೆ ಸಮುದ್ರ, ನಡುವೆ ಒಂದು ಪಟ್ಟಿಯಷ್ಟು ನೆಲ, ಅದರ ಮೇಲೆ ತೆಂಗಿನ ಮರಗಳೂ ಮನೆಗಳೂ. ಹೊಳೆಯು ಬಡಗಲಿಗೆ ಹರಿದು ಮಲ್ಪೆಯ ಬಂದರಿನ ಬಳಿ ಸಮುದ್ರವನ್ನು ಕೂಡುವ ಸ್ಥಳವೇ ಅಳಿವೆ. ನಾವು ಹೋದಾಗ ಮಳೆಯು ನೇರವಾಗಿ ಬೀಳದೆ ಅಡ್ಡಡ್ಡಲಾಗಿ ಬರುತ್ತಿದ್ದಿತು. ದೋಣಿಯನ್ನು ಹೊಳೆಯ ಬದಿಯಲ್ಲಿ ಎರಡು ತೆಂಗಿನ ಮರಗಳಿಗೆ ನಾಲ್ಕು ಹಗ್ಗಗಳಿಂದ ಕಟ್ಟಿದ್ದರು. ಹಾಯಿಯು ಸುರುಳಿಯಾಗಿ ಮನೆಯ ಅಟ್ಟದ ಮೇಲಿದ್ದಿತು. ತಂಡೇಲರು ಜಗಲಿಯಲ್ಲಿ ಕುಳಿತು, "ಬನ್ನಿ ಅಮ್ಮಾ, ಊಟಕ್ಕೇನೂ ತೊಂದರೆ ಇಲ್ಲ" ಎಂದರು. ಯಾನದ ಮಾತನ್ನು ಅವರು ಎತ್ತಲಿಲ್ಲ.

ಹಿಂದಿನ ದಿನ ಅರಬ್ಬೀ ಸಮುದ್ರದ ನಡುವಣ ಭಾಗದಲ್ಲಿ ಎದ್ದ ವಾಯುಭಾರ ಕುಸಿತವು ಅಂದು ಚಂಡಮಾರುತವಾಗಿ ಬಲಿತು, ಅದಕ್ಕೆ ಕ್ಯಾರ್ ಎಂಬ ಹೆಸರು ಬಿದ್ದಿದ್ದಿತು. ಹೆಸರನ್ನು ಕೊಟ್ಟವರು ಮ್ಯಾನ್ಮಾರ್ ದೇಶದವರು. ಅವರ ಭಾಷೆಯಲ್ಲಿ ಅದಕ್ಕೆ ಹುಲಿಯೆಂದು ಅರ್ಥವಂತೆ. ಹುಲಿವೇಷವನ್ನು ನೋಡಿ ಬೆಳೆದ ಊರಿನವರಾದ ನಮಗೆ ಮೊದಲು ನಗು ಬಂದಿತು.

ಶನಿವಾರ ನಗು ಬರಲಿಲ್ಲ. ಬಂದರಿನಲ್ಲಿ ಮೂರನೆಯ ನಂಬರಿನ ಸೂಚನೆಯನ್ನು ಏರಿಸಿದ್ದಾರೆಂದು ತಂಡೇಲರ ಮಗನು ಬಂದು ಹೇಳಿದನು. ಹೊರಡುವ ಅಪ್ಪಣೆಯು ಅಲ್ಲಿಗೆ ರದ್ದಾಯಿತು. ನಮ್ಮ ದೇಶದ ಬಂದರುಗಳಲ್ಲಿ ಇಂಥ ಸೂಚನೆಗಳು ಒಟ್ಟು ಹನ್ನೊಂದು. ಒಂದು ಮತ್ತು ಎರಡು ದೂರದ ಕಡಲಿನಲ್ಲಿರುವ ಗಾಳಿಯನ್ನು ತಿಳಿಸುವುವು. ಮೂರು ಮತ್ತು ನಾಲ್ಕು ಬಂದರಿಗೇ ಎಚ್ಚರಿಕೆ. ಐದರಿಂದ ಏಳರವರೆಗೆ ಅಪಾಯ, ಎಂಟರಿಂದ ಹತ್ತರವರೆಗೆ ಮಹಾ ಅಪಾಯ. ಹಾಗಾದರೆ ಹನ್ನೊಂದು ಯಾವುದು, ಮಹಾ ಅಪಾಯಕ್ಕಿಂತಲೂ ದೊಡ್ಡದು ಯಾವುದಿದೆ, ಎಂದು ದೊಡ್ಡಕ್ಕನು ಕೇಳಿದರು. ಹವಾಮಾನದ ಕಚೇರಿಯೊಡನೆ ಸಂಪರ್ಕವೇ ಕಡಿದುಹೋಗಿದೆ, ಸುದ್ದಿಯೇ ಬರುವುದಿಲ್ಲ, ಎಂಬುದೇ ಹನ್ನೊಂದನೆಯದೆಂದು ತಂಡೇಲರು ಹೇಳಿದರು. ಲೆಕ್ಕದ ಕ್ರಮವು ಸರಿಯಾಗಿಯೇ ಇದೆಯೆಂದು ದೊಡ್ಡಕ್ಕನು ತಲೆದೂಗಿದರು.

ಮಳೆಯಲ್ಲಿ ಕೂಡಿಹಾಕಿದ ನಾಲ್ವರು ಉಪಾಧ್ಯಾಯಿನಿಯರು ಏನು ಮಾಡುವರು? ಒಬ್ಬರಿಗೊಬ್ಬರು ಪಾಠ ಹೇಳುವರು. ಸೈಕ್ಲೋನ್ ಎಂಬ ಮಾತನ್ನು ಕಲ್ಕತ್ತೆಯಲ್ಲಿದ್ದ ಪಿಡಿಂಗ್ಟನ್ ಎಂಬವರು ಹಾವಿನ ಸುರುಳಿಯ ಅರ್ಥವುಳ್ಳ ಗ್ರೀಕ್ ಪದದಿಂದ ಮಾಡಿ, ೧೮೪೮ರಲ್ಲಿ ನಾವಿಕರಿಗಾಗಿ ಬರೆದ ಗ್ರಂಥದಲ್ಲಿ ಬಳಕೆಗೆ ತಂದರೆಂದೂ, ನಮ್ಮ ಹವಾಮಾನ ಇಲಾಖೆಯು ೧೮೭೫ರಲ್ಲಿ ಸ್ಥಾಪಿತವಾಯಿತೆಂದೂ ನಾವು ಹೇಳಿದೆವು. ಬ್ಯೂಫರ್ಟರು ೧೮೦೫ರಲ್ಲಿ ಗಾಳಿಯನ್ನು ಸೊನ್ನೆಯಿಂದ ಹನ್ನೆರಡರವರೆಗೆ ವಿಂಗಡಿಸಿದ ಕ್ರಮವನ್ನೂ ವಿವರಿಸಿದೆವು. ಯುದ್ಧದ ಹಡಗು ಎಷ್ಟು ಹಾಯಿಗಳನ್ನು ತಾಳಬಲ್ಲದು ಎಂಬುದೇ ಅದರಲ್ಲಿ ಗಾಳಿಯ ಅಳತೆಯಾಯಿತು. ಹನ್ನೆರಡೆಂದರೆ ಯಾವ ಬಟ್ಟೆಯೂ ತಾಳಲಾರದ್ದು. ತಂಡೇಲರು ಗೌರವದಿಂದ ಕೇಳಿ, "ನಮ್ಮಲ್ಲಿ ಮೂರೇ ಅಮ್ಮಾ. ಹೋಗಬಹುದು, ನೋಡಿಕೊಂಡು ಹೋಗಬಹುದು, ಹೋಗಬಾರದು" ಎಂದರು. ಹೊಲಿಗೆಯವರು ಸೊಂಟದವರೆಗೆ ಹೆಣೆದಿದ್ದ ಒಂದು ಸ್ವೆಟರನ್ನು ಬಿಚ್ಚಿ ಪುನಃ ಹೆಣೆದರು. ಬುತ್ತಿಗೆಂದು ತಂದ ಚಕ್ಕುಲಿಯು ಮೊದಲನೆಯ ದಿನವೇ ಮೆತ್ತಗಾಯಿತು. ಚೆನ್ನೆಮಣೆಯು ಗೋಡೆಗೆ ಒರಗಿ ನಿಂತಿರುವುದನ್ನು ಕಂಡು, ಆಡೋಣವೇ ಎಂದು ಮನೆಯ ಅಜ್ಜಿಯನ್ನು ಕೇಳಿದರೆ, ಆಟಿ ತಿಂಗಳಲ್ಲಲ್ಲದೆ ಅದನ್ನು ಇಳಿಸಕೂಡದೆಂದು ಖಂಡಿತವಾಗಿ ಹೇಳಿಬಿಟ್ಟರು. ಮಳೆಯು ಆಟಿಯದ್ದೇ ಆಗಿರುವಾಗ ಆಟಕ್ಕೆ ಏಕೆ ಅಡ್ಡಿಯೆಂದು ನಾವು ವಾದಿಸಿದೆವು. ಮಳೆಯು ತಪ್ಪಿ ಬಂದರೆ ನಾವೂ ತಪ್ಪಬೇಕೇ ಎಂದು ಅಜ್ಜಿಯು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಸಾಯಂಕಾಲ, ದೀಪ ಹಚ್ಚುವ ಹೊತ್ತಿಗೆ, ಅಂಗಳದಲ್ಲಿ ಯಾರೋ ನಿಂತ ಹಾಗಾಯಿತು. ಗುರುವಾರದ ಹುಡುಗಿ. ನಮ್ಮನ್ನು ಕಂಡು ಹಿಂದೆ ಸರಿದಳು. ಅಜ್ಜಿಯು ಕರೆದುದರಿಂದ ಮೆಟ್ಟಲಿನ ಮೇಲೆ ಕುಳಿತಳು. ಅವಳ ಮನೆಯು ಅಲ್ಲಿಂದ ಮೂರನೆಯದು. ತಂಡೇಲರ ಜಗಲಿಯಿಂದ ಅಳಿವೆಯು ಕಾಣುವುದರಿಂದಲೂ, ಬಂದರಿನ ವರ್ತಮಾನವೆಲ್ಲವೂ ಮೊದಲು ಅಲ್ಲಿಗೆ ಬರುವುದರಿಂದಲೂ ಅವಳು ದಿನಕ್ಕೆ ನಾಲ್ಕು ಸಲ ಬಂದು ಹೋಗುತ್ತಿದ್ದಳೆಂದು ತಿಳಿಯಿತು. ಅವಳ ತಂದೆಯು ಆಳಸಮುದ್ರದ ದೋಣಿಯಲ್ಲಿ ಹೋಗಿ ಹತ್ತು ದಿನಗಳಾಗಿದ್ದುವು. ಬುಧವಾರದ ದಿನ ಇನ್ನೊಂದು ದೋಣಿಯವರು ವೈರ್‌ಲೆಸ್ಸಿನಲ್ಲಿ ಅವರೊಡನೆ ಮಾತನಾಡಿದ್ದರು. ಆ ಮೇಲೆ ಸುದ್ದಿಯಿಲ್ಲ. ಗುರುವಾರ ಬೆಳಗಾಗುವ ಮೊದಲೇ ತಾಯಿಯೂ ಮಗಳೂ ದಕ್ಕೆಗೆ ಹೋಗಿ, ದೋಣಿಯ ಯಜಮಾನರಿಗಾಗಿ ಮಳೆಯಲ್ಲಿ ಕಾದು ನಿಂತು, ಉತ್ತರ ಸಿಕ್ಕದೆ, ತಾಯಿಯು ಅಲ್ಲಿಯೇ ಉಳಿದು, ಕೊಡೆಯನ್ನು ತಾಯಿಗೆ ಕೊಟ್ಟು, ಇವಳು ಶಾಲೆಗೆ ಬಂದಿದ್ದಳು.

ಇದನ್ನು ಹೇಳಿದವರು ಅಜ್ಜಿ, ಹುಡುಗಿಯು ಹೇಳಲಿಲ್ಲ. ದೊಡ್ಡಕ್ಕನು ನಮ್ಮ ಮುಖವನ್ನು ನೋಡಲಿಲ್ಲ. ನೋಡದೆ ಇದ್ದುದೇ ನಮಗೆ ಹೆಚ್ಚಾಯಿತು.

ಮಲ್ಪೆಯವರಿಗೆ ಆ ವರ್ಷ ಕಾಯುವುದೆಂದರೆ ಏನೆಂದು ಬೇರೆ ಹೇಳಿಕೊಡಬೇಕಾಗಿರಲಿಲ್ಲ. ೨೦೧೮ರ ಡಿಸೆಂಬರ್ ತಿಂಗಳಲ್ಲಿ ಅದೇ ಬಂದರಿನಿಂದ ಏಳು ಮಂದಿಯೊಡನೆ ಹೊರಟ ದೋಣಿಯೊಂದು ಹಿಂದಿರುಗದೆ, ೨೦೧೯ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕರಾವಳಿಯಾಚೆ ಅದರ ಅವಶೇಷವು ಕಡಲಿನ ತಳದಲ್ಲಿ ದೊರೆತಿದ್ದಿತು. ನಡುವಣ ಆ ತಿಂಗಳುಗಳಲ್ಲಿ ನಮ್ಮ ಶಾಲೆಯಲ್ಲಿಯೂ ಪ್ರಾರ್ಥನೆಯ ವೇಳೆಯಲ್ಲಿ ಆ ಕುಟುಂಬಗಳನ್ನು ನೆನೆದಿದ್ದೆವು. ನೆನೆದೂ ನಮ್ಮ ಮುಂದೆ ನೆನೆದು ನಿಂತ ಮಗುವನ್ನು ಏಕೆ ತಡವಾಯಿತೆಂದು ಕೇಳಿರಲಿಲ್ಲ.

ಭಾನುವಾರ ನರಕಚತುರ್ದಶಿ. ಅಮಾವಾಸ್ಯೆಯ ಉಬ್ಬರವೂ ಚಂಡಮಾರುತದ ಅಲೆಗಳೂ ಒಟ್ಟುಗೂಡಿ ಕಡಲು ಮೇಲಿನ ಸಾಲಿನ ತೆಂಗಿನ ಬುಡದವರೆಗೆ ಬಂದು ಮರಳನ್ನು ಕೊರೆಯಿತು. ಹಚ್ಚಿದ ಹಣತೆಗಳು ಒಂದೂ ಉಳಿಯಲಿಲ್ಲ. ಮನೆಯ ಮಕ್ಕಳು ಅವನ್ನು ಒಳಗೆ ಅಕ್ಕಿಯ ಪೆಟ್ಟಿಗೆಯ ಮೇಲೆ ಇಟ್ಟರು. ಅಂದು ಕ್ಯಾರ್ ಎಂಬುದು ಮಹಾ ಚಂಡಮಾರುತದ ಪದವಿಯನ್ನು ಪಡೆಯಿತು. ಅರಬ್ಬೀ ಸಮುದ್ರದಲ್ಲಿ ಅಂಥಾದ್ದು ೨೦೦೭ರ ಗೋನು ಎಂಬ ಚಂಡಮಾರುತದ ಬಳಿಕ ಎದ್ದಿರಲಿಲ್ಲ. ಆದರೆ ಅದು ನಮ್ಮಿಂದ ದೂರ ದೂರಕ್ಕೆ, ಓಮನ್ ದೇಶದ ಕಡೆಗೆ ಸಾಗುತ್ತಿದ್ದಿತು. ರಾತ್ರಿ ಮಳೆ ನಿಂತಿತು.

ಸೋಮವಾರದ ಬೆಳಗನ್ನು ನಾವು ಮರೆಯುವಂತಿಲ್ಲ. ಆಕಾಶವು ತೊಳೆದಿಟ್ಟ ತಟ್ಟೆಯಂತಿದ್ದಿತು. ತೆಂಗಿನ ಗರಿಯೊಂದೂ ಅಲುಗದು. ಹೊಳೆಯಲ್ಲಿ ದೋಣಿಯ ನೆರಳು ದೋಣಿಯಷ್ಟೇ ಸ್ಪಷ್ಟವಾಗಿ ಕಾಣುತ್ತಿದ್ದಿತು. ದೊಡ್ಡಕ್ಕನ ನಿವೃತ್ತಿಗೆ ಇನ್ನು ಮೂರು ದಿನ, ರಜೆಗೆ ಇನ್ನು ಎರಡು ದಿನ. ಸೂಚನೆಯನ್ನು ಇನ್ನೂ ಇಳಿಸಿರದಿದ್ದರೂ, ಅಳಿವೆಯ ಹೊರಗೆ ಸ್ವಲ್ಪ ದೂರ ಹೋಗಿ ಬರಬಹುದಲ್ಲವೇ ಎಂದು ನಾವು ತಂಡೇಲರನ್ನು ಕೇಳಿದೆವು. ಅವರು ಆಗುವುದಿಲ್ಲವೆಂದರು. ಏಕೆ ಆಗುವುದಿಲ್ಲವೆಂದೆವು. ಕಡಲು ಇಳಿದಿಲ್ಲವೆಂದರು. ಗಾಳಿಯೇ ಇಲ್ಲದಿರುವಾಗ ಕಡಲು ಏರುವುದು ಹೇಗೆಂದು, ಭೂಗೋಳದ ಉಪಾಧ್ಯಾಯಿನಿಯ ಸ್ವರದಲ್ಲಿ, ನಾಲ್ಕು ಮಂದಿಯ ಮುಂದೆ ನಾವು ಕೇಳಿದೆವು. ಅಷ್ಟಕ್ಕೆ ನಿಲ್ಲದೆ, ದೋಣಿಯನ್ನು ಪೂಜೆಗೆ ಇಟ್ಟಿರುವಿರೋ ನಡೆಸುವುದಕ್ಕೋ ಎಂಬ ಮಾತೂ ನಮ್ಮ ಬಾಯಿಂದ ಬಂದುಹೋಯಿತು. ಎಪ್ಪತ್ತು ದಾಟಿದ ಆ ಹಿರಿಯರು ಉತ್ತರ ಕೊಡದೆ, ಒದ್ದೆಯಾಗಿದ್ದ ಹಗ್ಗದ ಸುರುಳಿಯನ್ನು ಎತ್ತಿಕೊಂಡು ಬಿಸಿಲಿಗೆ ಹೋದರು.

ಮೆಟ್ಟಲಿನ ಮೇಲೆ ಕುಳಿತಿದ್ದ ಹುಡುಗಿಯು ಆಗ, "ಎಣಿಸಿ ಟೀಚರ್" ಎಂದಳು.

ಏನನ್ನು ಎಣಿಸಬೇಕೆಂದು ದೊಡ್ಡಕ್ಕನೇ ಕೇಳಿದರು. ಅಳಿವೆಯ ಬಲಬದಿಯಲ್ಲಿ ಒಂದು ಅಲೆಯು ಒಡೆದು ಬಿಳುಪಾದುದರಿಂದ ಮುಂದಿನದು ಒಡೆಯುವವರೆಗೆ ಎಣಿಸಬೇಕಂತೆ. ದೊಡ್ಡಕ್ಕನು ಗಡಿಯಾರವನ್ನು ನೋಡುತ್ತ ಹತ್ತು ಅಲೆಗಳನ್ನು ಎಣಿಸಿ ಸರಾಸರಿಯನ್ನು ತೆಗೆದರು: ಹದಿನಾಲ್ಕು ಸೆಕೆಂಡು. ಒಳ್ಳೆಯ ದಿನಗಳಲ್ಲಿ ಆರೇಳು ಎಣಿಸುವಷ್ಟರಲ್ಲಿ ಬರುವುದೆಂದು ಹುಡುಗಿಯು ಹೇಳಿದಳು. "ಗಾಳಿ ಇಲ್ಲಿ ನಿಂತಿದೆ ಟೀಚರ್. ಅಲ್ಲಿ ನಿಂತಿಲ್ಲ."

ವಿಜ್ಞಾನದವರು ಕಾಗದವನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಆಳವಾದ ನೀರಿನಲ್ಲಿ ಅಲೆಗಳ ಅಂತರ ಹೆಚ್ಚಿದಷ್ಟೂ ಅವುಗಳ ವೇಗವು ಹೆಚ್ಚುವುದು. ಹದಿನಾಲ್ಕು ಸೆಕೆಂಡಿನ ಅಲೆಗಳ ಸಾಲು ಒಂದು ದಿನದಲ್ಲಿ ಸುಮಾರು ೯೦೦ ಕಿಲೋಮೀಟರಿನಷ್ಟು ಸಾಗಬಲ್ಲದು. ಚಂಡಮಾರುತವು ಸಾವಿರ ಕಿಲೋಮೀಟರಿಗಿಂತಲೂ ದೂರ ಹೋಗಿದ್ದರೂ, ಅದು ಹಿಂದಿನ ದಿನ ಎಬ್ಬಿಸಿದ ಅಲೆಗಳು ನಮ್ಮ ಅಳಿವೆಯನ್ನು ತಟ್ಟುವುದು ಅಂದೇ. ನಡುಗಡಲಿನಲ್ಲಿ ಅವು ಉದ್ದವಾದ ಸೌಮ್ಯ ದಿಣ್ಣೆಗಳಂತಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ನೆಲವು ಮೇಲೇರಿ ನೀರು ತೆಳುವಾದಲ್ಲಿಗೆ ಬಂದಾಗ ಎದ್ದು ನಿಲ್ಲುವುವು. ಇದೆಲ್ಲವೂ ನಾವು ಕಲಿಸುವ ಪುಸ್ತಕದಲ್ಲಿಯೇ ಇದೆ. ಪುಟದ ಸಂಖ್ಯೆಯನ್ನೂ ಹೇಳಬಲ್ಲೆವು.

ಮಧ್ಯಾಹ್ನ ಇಳಿತವು ಪ್ರಾರಂಭವಾಗಿ, ಹೊಳೆಯ ನೀರು ರಭಸದಿಂದ ಹೊರಗೆ ಹೋಗತೊಡಗಿದಾಗ, ಎದುರಾಗಿ ಬರುವ ಅಲೆಗಳು ಅಳಿವೆಯ ಬಾಗಿಲಲ್ಲಿ ಇನ್ನಷ್ಟು ಕಡಿದಾದುವು. ಎಲ್ಲಿಯೋ ಆಶ್ರಯ ಪಡೆದಿದ್ದ ಒಂದು ಸಣ್ಣ ಮೀನಿನ ದೋಣಿಯು ಒಳಕ್ಕೆ ಬರುವುದನ್ನು ಜಗಲಿಯಿಂದ ಕಂಡೆವು. ಕನ್ನಡಿಯಂತಿದ್ದ ನೀರಿನಲ್ಲಿ ಅದು ಬರುತ್ತಿದ್ದಿತು. ಅದರ ಹಿಂದೆ ಯಾವ ಸದ್ದೂ ಇಲ್ಲದೆ ನೀರು ಎದ್ದಿತು. ದೋಣಿಯ ಹಿಂಭಾಗವು ಮೇಲಕ್ಕೆ ಹೋಗಿ, ಮೂತಿಯು ಓರೆಯಾಗಿ ತಿರುಗಿ, ಒಂದು ಕ್ಷಣ ಅದರ ಅಡಿಯ ಬಣ್ಣವು ನಮಗೆ ಕಾಣಿಸಿತು. ತಂಡೇಲರು ಎದ್ದು ನಿಂತಿದ್ದರು. ಹೇಗೋ ನೆಟ್ಟಗಾಗಿ ಒಳಗೆ ಬಂದಿತು. ಅದು ಮೂವತ್ತು ಅಡಿಗಿಂತ ದೊಡ್ಡ ಯಂತ್ರದ ದೋಣಿ. ನಮ್ಮದು ಇಪ್ಪತ್ತೆರಡು ಅಡಿಯದು, ಒಳಗೆ ಈಜು ಬಾರದ ನಾಲ್ವರು ಹೆಂಗಸರು.

ಸಾಯಂಕಾಲ ನಾವು ಹೊಳೆಯ ಬದಿಗೆ ಹೋಗಿ, ಬೆಳಗಿನ ಮಾತಿಗಾಗಿ ತಂಡೇಲರ ಕ್ಷಮೆ ಕೇಳಿದೆವು. ಅವರು ಕೈಯಲ್ಲಿದ್ದ ಹಗ್ಗವನ್ನು ಬಿಡದೆ, "ಮಂಜಿಯಲ್ಲಿ ಸೇಟುಗಳು ಇದಕ್ಕಿಂತ ದೊಡ್ಡ ಮಾತು ಆಡುತ್ತಿದ್ದರು ಅಮ್ಮಾ. ಸರಕು ಅವರದು, ಅವರಿಗೆ ಅವಸರ. ಜೀವ ನಮ್ಮದು, ನಮಗೆ ಅವಸರವಿಲ್ಲ" ಎಂದರು. ಆಮೇಲೆ ಮಂಜಿಗಳ ಕಾಲದ ಕಾಯುವಿಕೆಯನ್ನು ಕುರಿತು ಹೇಳಿದರು. ಮುಂಗಾರಿಗೆ ಮೊದಲು ಮಂಜಿಗಳನ್ನು ಮೇಲಕ್ಕೆ ಎಳೆದು ಮಡಲಿನ ಚಪ್ಪರವನ್ನು ಹಾಕುತ್ತಿದ್ದರಂತೆ. ನೂಲುಹುಣ್ಣಿಮೆಯ ದಿನ ಕಡಲಿಗೆ ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿದ ಮೇಲೆ ಹಲಗೆಗಳ ಸಂದಿಗೆ ಹತ್ತಿ ತುಂಬಿ ಎಣ್ಣೆ ಹಚ್ಚುವ ಕೆಲಸ. ಅದು ಮುಗಿದರೂ ಹೊರಡುವುದಿಲ್ಲ. ಗಾಳಿಯು ತಿರುಗುವವರೆಗೆ ಮತ್ತೆ ಕಾಯಬೇಕು. ನಾಲ್ಕು ತಿಂಗಳು ಕಾದವರಿಗೆ ನಾಲ್ಕು ದಿನ ಎಷ್ಟರದು ಎಂಬುದು ಅವರ ಭಾವವಾಗಿದ್ದಿರಬೇಕು. ಹಾಗೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ.

ಹುಡುಗಿಯೊಡನೆ ಮಾತನಾಡುವುದು ಇದಕ್ಕಿಂತ ಕಷ್ಟವಾಯಿತು. ಹಿರಿಯರ ಕ್ಷಮೆ ಕೇಳುವುದಕ್ಕೆ ನಮಗೆ ಅಭ್ಯಾಸವುಂಟು. ಮಕ್ಕಳಿಗೆ ಹೇಳುವ ಮಾತನ್ನು ಯಾರೂ ಕಲಿಸಿಲ್ಲ. ರಾತ್ರಿ ಅವಳು ತಾಯಿಯೊಡನೆ ಬಂದು, ಸುದ್ದಿಯಿಲ್ಲದೆ, ಹೋಗುವುದಕ್ಕೆ ಎದ್ದಾಗ, ಗುರುವಾರ ಅವಳನ್ನು ಹೊರಗೆ ನಿಲ್ಲಿಸಿದ್ದು ತಪ್ಪಾಯಿತೆಂದು ಹೇಳಿದೆವು. ತಾಯಿಗೆ ಈ ವಿಷಯವು ಗೊತ್ತೇ ಇರಲಿಲ್ಲವೆಂದು ಆಗ ತಿಳಿಯಿತು. ಹುಡುಗಿಯು, "ಒಳಗೆ ಇದ್ದಿದ್ದರೂ ಪಾಠ ತಲೆಗೆ ಹೋಗುತ್ತಿರಲಿಲ್ಲ ಟೀಚರ್. ಹೊರಗಾದರೆ ಆಕಾಶ ಕಾಣುತ್ತಿತ್ತು" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ತಾಯಿಯು ಮಗಳ ತಲೆಯ ಮೇಲೆ ಸೆರಗನ್ನು ಎಳೆದು, ನಮಗೆ ಬರುತ್ತೇವೆಂದು ಹೇಳಿ, ಕರೆದುಕೊಂಡು ಹೋದರು. ಆ ರಾತ್ರಿ ದೊಡ್ಡಕ್ಕನಿಗೂ ನಿದ್ರೆ ಬರಲಿಲ್ಲವೆಂದು ತೋರುತ್ತದೆ. ಕತ್ತಲಲ್ಲಿ ಒಮ್ಮೆ, "ಹನ್ನೊಂದನೆಯ ನಂಬರು" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಮಂಗಳವಾರ ಮಧ್ಯಾಹ್ನ ನೀರುದೋಸೆಯನ್ನು ಬಡಿಸುತ್ತಿರುವಾಗ ಮೂರನೆಯ ಮನೆಯಿಂದ ಕೂಗು ಕೇಳಿಸಿತು. ಯಾವ ಬಗೆಯ ಕೂಗೆಂದು ತಿಳಿಯದೆ ನಾವು ನಾಲ್ವರೂ ಎಂಜಲು ಕೈಯಲ್ಲಿಯೇ ಎದ್ದು ಓಡಿದೆವು. ಕಾರವಾರದಿಂದ ದೂರವಾಣಿ ಬಂದಿದ್ದಿತು. ಯಂತ್ರವು ಕೆಟ್ಟು, ವೈರ್‌ಲೆಸ್ಸಿಗೆ ನೀರು ನುಗ್ಗಿ, ಇನ್ನೊಂದು ದೋಣಿಯು ಎಳೆದುಕೊಂಡು ಹೋಗಿ, ಬೇರೆ ಬೇರೆ ರಾಜ್ಯಗಳ ಅನೇಕ ದೋಣಿಗಳು ಆಶ್ರಯ ಪಡೆದಿದ್ದ ಕಾರವಾರದ ಬಂದರಿಗೆ ಆ ಬೆಳಿಗ್ಗೆ ಸೇರಿದ್ದರಂತೆ. ಎಲ್ಲರೂ ಕ್ಷೇಮ. ಬಲೆಗಳೆಲ್ಲವನ್ನೂ ಕಡಲಿಗೆ ಕೊಟ್ಟಿದ್ದರು. ಆ ಬಲೆಗಳ ಸಾಲವು ತೀರಲು ಆ ಮನೆಯವರಿಗೆ ಎರಡು ವರ್ಷಗಳು ಹಿಡಿದವೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಹುಡುಗಿಯು ಅಳಲೂ ಇಲ್ಲ, ನಗಲೂ ಇಲ್ಲ. ನಮ್ಮನ್ನು ಕಂಡು, "ನಾಳೆ ಶಾಲೆ ಇದೆಯಲ್ಲವೇ ಟೀಚರ್?" ಎಂದು ಕೇಳಿದಳು. ಹೊಲಿಗೆಯವರು ಮಾತ್ರ ನಮ್ಮೆಲ್ಲರ ಪರವಾಗಿ ಅತ್ತರು.

ಶಾಲೆಗೆ ಹಿಂದಿರುಗಿದ ಬುಧವಾರವೇ ಲಕ್ಷದ್ವೀಪದ ಬಳಿ ಇನ್ನೊಂದು ಚಂಡಮಾರುತವೆದ್ದಿತು. ಅದಕ್ಕೆ ಓಮನ್ ದೇಶದವರು ಕೊಟ್ಟ ಹೆಸರು ಮಹಾ. ಒಂದೇ ವೇಳೆಯಲ್ಲಿ ಅರಬ್ಬೀ ಸಮುದ್ರದಲ್ಲಿ ಎರಡು. ಕಾರವಾರದಲ್ಲಿದ್ದವರು ಅಲ್ಲಿಯೇ ಉಳಿಯಬೇಕಾಯಿತು. ೩೧ನೆಯ ಗುರುವಾರ, ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಭಾಷಣಗಳು ಅರ್ಧಂಬರ್ಧ ಕೇಳಿಸುತ್ತಿರಲು, ದೊಡ್ಡಕ್ಕನಿಗೆ ಬೀಳ್ಕೊಡುಗೆಯಾಯಿತು. ಸೀರೆಯನ್ನು ಕೊಟ್ಟೇ ಕೊಟ್ಟೆವು. ಉತ್ತರ ಹೇಳಲು ಎದ್ದ ಅವರು, ಮೂವತ್ತಾರು ವರ್ಷಗಳಲ್ಲಿ ಸರಾಸರಿಯ ಲೆಕ್ಕವನ್ನು ಸಾವಿರ ಸಲ ಮಾಡಿಸಿದ್ದರೂ ಅದರ ಉಪಯೋಗವನ್ನು ಮೂರು ದಿನಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯಿಂದ ಕಲಿತೆನೆಂದು ಹೇಳಿ ಕುಳಿತರು. ಸಭೆಯಲ್ಲಿದ್ದವರಿಗೆ ಅರ್ಥವಾಗಲಿಲ್ಲ, ಒಂಬತ್ತನೆಯ ತರಗತಿಯ ಸಾಲಿನಲ್ಲಿ ಒಂದು ತಲೆಯು ಬಾಗಿತು. ನವೆಂಬರ್ ತಿಂಗಳಿಂದ ತಡವಾಗಿ ಬಂದವರ ಪುಸ್ತಕದಲ್ಲಿ ಕಾರಣಕ್ಕೆಂದು ಒಂದು ಕಲಮನ್ನು ಗೆರೆ ಎಳೆದು ಸೇರಿಸಿದೆವು. ಅದರಲ್ಲಿ ಬರೆಯಲ್ಪಡುವ ಕಾರಣಗಳು ಕೆಲವು ಸಲ ಸುಳ್ಳೂ ಆಗಿರುವುವು. ಅದನ್ನೂ ಬಲ್ಲೆವು.

ಡಿಸೆಂಬರ್ ತಿಂಗಳ ನಡುವಣ ಒಂದು ಶನಿವಾರ, ತಂಡೇಲರು ತಾವಾಗಿಯೇ ಹೇಳಿಕಳುಹಿಸಿದರು. ಅಪ್ಪಣೆಯೂ ದೊರೆತಿದ್ದಿತು. ಬೆಳಿಗ್ಗೆ ಆರು ಗಂಟೆಗೆ, ತೊಡಿಸಿದ ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿಗಳಲ್ಲಿ ಒಬ್ಬರನ್ನೊಬ್ಬರು ನೋಡಿ ನಗುತ್ತ, ಮೂಡುಗಾಳಿಯಲ್ಲಿ ಅಳಿವೆಯನ್ನು ದಾಟಿದೆವು. ಹುಡುಗಿಯೂ ಅವಳ ತಂದೆಯೂ ಜೊತೆಗಿದ್ದರು. ಹಾಯಿಯನ್ನು ಏರಿಸಿದವರು ಆ ತಂದೆಯೇ. ಹೋಗುವಾಗ ಬಲಬದಿಯ ಅಲೆಗಳನ್ನು ಎಣಿಸಿದೆವು: ಏಳು. ದೊಡ್ಡಕ್ಕನು ಹಿಂದಿರುಗಿ ಕುಳಿತು, ತಾವು ಬಯಸಿದ್ದಂತೆ ಕಡಲಿನಿಂದ ನೆಲವನ್ನು ಸುಮಾರು ಇಪ್ಪತ್ತು ನಿಮಿಷಗಳವರೆಗೆ ನೋಡಿ, ತೆಂಗಿನ ಸಾಲಿನ ಹಿಂದೆ ನಮ್ಮ ಶಾಲೆಯ ಮಹಡಿಯು ಕಾಣುವುದೋ ಎಂದು ಹುಡುಕಿ, ಅನಂತರ ತಲೆ ತಿರುಗುತ್ತದೆಂದು ಹೇಳಿ ದೋಣಿಯ ಅಂಚಿಗೆ ಒರಗಿದರು. ಆ ಮೇಲೆ ಅವರ ಸ್ಥಿತಿಯನ್ನು ವರ್ಣಿಸುವುದು ಉಚಿತವಲ್ಲ. ಹುಡುಗಿಯು ಅವರ ಹಣೆಯನ್ನು ಹಿಡಿದುಕೊಂಡು, ದೂರದ ಗೆರೆಯನ್ನೇ ನೋಡುತ್ತಿರಬೇಕೆಂದು ಹೇಳಿಕೊಡುತ್ತಿದ್ದಳು. ದ್ವೀಪಗಳ ಕಪ್ಪು ಕಂಬಗಳು ಬಿಸಿಲಿಗೆ ಹೊಳೆಯುವುದನ್ನು ಅರ್ಧ ಮೈಲಿಯ ಆಚೆಯಿಂದ ಕಂಡು, ಅಲ್ಲಿಂದಲೇ ದೋಣಿಯನ್ನು ತಿರುಗಿಸಿದೆವು. ಪಡುಗಾಳಿಯು ಇನ್ನೂ ಎದ್ದಿರಲಿಲ್ಲವಾದುದರಿಂದ ತಂಡೇಲರು ಬಹಳ ಹೊತ್ತು ಯೋಚಿಸಿ, ಗೋಣಿಯನ್ನು ತೆಗೆದು ಯಂತ್ರವನ್ನು ನಡೆಸಬೇಕಾಯಿತು.

ಕಾಪುವಿನ ದೀಪಸ್ತಂಭವನ್ನು ಕಡಲಿನ ಕಡೆಯಿಂದ ನೋಡುವ ಕಾರ್ಯಕ್ರಮವು ಇನ್ನೂ ಬಾಕಿಯಿದೆ.